ಅನಗವಾಡಿಯ ಗೇಜ್ ರೀಡರ್

ಅನಗವಾಡಿಯ ಹತ್ತಿರ ನದಿಯ ನೀರಿನ ಮಟ್ಟ ಅಳೆಯುತ್ತಿದ್ದ ಗೇಜ್ ರೀಡರ್ ಒಬ್ಬರಿದ್ದರು. ಹಣೆಯಲ್ಲಿ ಅರಿಶಿನದ ಭಂಡಾರ, ಮೊಣಕಾಲಿಗೇರಿಸಿದ ಧೋತರ. ಕೂತಲ್ಲಿ ಕೂರುವ ಜೀವವಲ್ಲ. ಚಹಾ ಅರ್ಧಕ್ಕೆ ಬಿಟ್ಟು, "ಒಂದ್ಸಲ ನೋಡಿ ಬರ್ತೇನ್ರಿ" ಎಂದು ನದಿಗೆ ಇಳಿದುಬಿಡುತ್ತಿದ್ದರು.

ಅವರ ಕೆಲಸವನ್ನು ತಾನೇ ಮಾಡುವ ಡೇಟಾ ಲಾಗರ್ ಕೂರಿಸಲು ನಾನು ಹೋಗಿದ್ದೆ. ಒಂದೊಂದು ಭಾಗದ ಹೆಸರನ್ನೂ ಕೇಳಿ, ತಮ್ಮ ಮಾತಿಗೆ ತಿರುಗಿಸಿಕೊಂಡರು. ನೀರೊಳಗಿನ ಸೆನ್ಸರ್ 'ನೋಡಾಂವ', ದಂಡೆಯ ಪೆಟ್ಟಿಗೆಯಲ್ಲಿದ್ದ ಲಾಗರ್ 'ಬರಕೊಳ್ಳಾಂವ', ನನ್ನ ಲ್ಯಾಪ್‌ಟಾಪಿನ ಸಾಫ್ಟ್‌ವೇರ್ 'ಓದಾಂವ'.

ಮರುವರ್ಷದ ಮಳೆಗಾಲದಲ್ಲಿ ಅಂಕಿಗಳನ್ನು ಇಳಿಸಿಕೊಳ್ಳಲು ಹೋದೆ. ಪರದೆಯ ಮೇಲೆ ಮುಂಜಾನೆಯಿಂದ ಒಂದೇ ಮಟ್ಟ.

"ನೀರು ಏರಿಲ್ಲ" ಎಂದೆ.

"ಏರೈತ್ರಿ ಸಾಹೇಬ್ರ. ನೋಡಾಂವನ ಕಣ್ಣಾಗ ರಾಡಿ ಹೊಕ್ಕೈತಿ. ಅಂವಾ ಕುರುಡಾದ್ರ ಬರಕೊಳ್ಳಾಂವ ಏನ್ ಬರದಾನು?"

ನಾನು ಕೇಬಲ್ ಕಿತ್ತು ಮತ್ತೆ ಸಿಗಿಸುತ್ತ ಕೂತೆ. ಅವರು ಇಳಿದು, ಬಣ್ಣ ಹಚ್ಚಿದ ಅಳತೆಕಂಬ ನೋಡಿ, ಸೊಂಟದವರೆಗೆ ತೊಯ್ದು ಬಂದರು. ನನ್ನತ್ತ ತಿರುಗದೆ, ದಂಡೆಯಲ್ಲಿ ಬೀಡುಬಿಟ್ಟಿದ್ದ ಕುರಿಗಾರರ ಹಟ್ಟಿಯತ್ತ ಓಡಿದರು. "ಏಳ್ರಿ, ಕುರಿ ಎಬ್ಬಸ್ರಿ! ಕೂಸುಗೋಳನ್ನ ಎತ್ಕೋರಿ!" ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ನಾನೂ ಓಡಿದೆ.

ಸಂಜೆಗೆ ಹಟ್ಟಿ ಇದ್ದ ಜಾಗದಲ್ಲಿ ಕೆಂಪು ನೀರು ಹರಿಯುತ್ತಿತ್ತು. ದಿಬ್ಬದ ಮೇಲೆ ಹೆಂಗಸೊಬ್ಬಳು ತನ್ನ ಮಕ್ಕಳನ್ನು ಎಣಿಸಿದಳು, ಮತ್ತೆ ಎಣಿಸಿದಳು. ಮೂವರೂ ಇದ್ದರು. ಆಕೆ ನಮ್ಮಿಬ್ಬರಿಗೂ ಕೈಮುಗಿದಳು.

ನೀರು ಏರಿಲ್ಲವೆಂದು ನಾನು ಹೇಳಿದ್ದನ್ನು ಅವರು ಆಕೆಗೂ ಹೇಳಲಿಲ್ಲ, ಮುಂದೆ ಯಾರಿಗೂ ಹೇಳಲಿಲ್ಲ.