ಸೊಕ್ಕೆಯಿಂದ ದಾವಣಗೆರೆಗೆ ಎಲ್ಸಿ ಓಡಿಸಿದ ಕಾರು

ಫೆಬ್ರವರಿಯ ಒಂದು ಬೆಳಿಗ್ಗೆ ಚನ್ನಗಿರಿಯಿಂದ ಹೊರಟೆವು. ಕಾರಿನಲ್ಲಿ ಮೂವರು: ನಾನು, ಬಾಡಿಗೆ ಕಾರಿನ ಹನುಮಂತಪ್ಪ, ಮತ್ತು ಇಂಗ್ಲೆಂಡಿನಿಂದ ಬಂದಿದ್ದ ಎಲ್ಸಿ. ನನ್ನ ತಂಗಿಯ ಮಗಳು ಶ್ವೇತಾ ಅಲ್ಲಿ ಒಂದು ಕಾರ್ ರೇಸ್ ತಂಡದಲ್ಲಿ ಟೈರುಗಳ ಉಸ್ತುವಾರಿ ನೋಡುತ್ತಾಳೆ. ಎಲ್ಸಿ ಅದೇ ತಂಡದಲ್ಲಿ ಕಾರು ಓಡಿಸುವವಳು. ಶ್ವೇತಾಳ ಮದುವೆ ನ್ಯಾಮತಿಯಲ್ಲಿ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳಾದ್ದರಿಂದ ಗೆಳತಿಯನ್ನು ಮೊದಲು ನಮ್ಮ ಮನೆಗೇ ಕಳಿಸಿದ್ದಳು. ಇಪ್ಪತ್ತು ದಾಟಿದ, ತೆಳ್ಳಗಿನ, ಮಾತು ಕಡಿಮೆಯ ಹುಡುಗಿ. ರೇಸಿನವಳೆಂದರೆ ನಾನು ಬೇರೆ ಯಾರನ್ನೋ ಊಹಿಸಿಕೊಂಡಿದ್ದೆ.

ಹನುಮಂತಪ್ಪನಿಗೆ ನಂಬಿಕೆಯೇ ಬರಲಿಲ್ಲ. ತನ್ನ ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತವಳನ್ನು ಆಗಾಗ ಓರೆಗಣ್ಣಿನಲ್ಲಿ ನೋಡುತ್ತ, "ಇವರಿಗೆ ಗಾಡಿ ಓಡ್ಸಾಕೆ ಯಾರು ಕಲಿಸಿದ್ರು ಕೇಳ್ರಿ ಮೇಡಂ" ಎಂದ. ಕೇಳಿದೆ. ಅವಳ ಅಪ್ಪ ಉತ್ತರ ಇಂಗ್ಲೆಂಡಿನ ಗುಡ್ಡಗಳಲ್ಲಿ ಕುರಿ ಸಾಕುವವನಂತೆ. ಎಂಟನೇ ವಯಸ್ಸಿನಲ್ಲಿ ಅವಳನ್ನು ಗೋ-ಕಾರ್ಟ್‌ನಲ್ಲಿ ಕೂರಿಸಿದ. ನೆಲಕ್ಕೆ ಅಂಟಿದಂತಿರುವ, ಚಾವಣಿಯಿಲ್ಲದ ಪುಟ್ಟ ಗಾಡಿ ಅದು. ವಾರವಿಡೀ ಕುರಿ ಸಾಗಿಸಿದ ವ್ಯಾನನ್ನೇ ಶನಿವಾರ ತೊಳೆದು, ಅದರಲ್ಲಿ ಕಾರ್ಟ್ ಹೇರಿಕೊಂಡು ಹೋಗುತ್ತಿದ್ದರಂತೆ. ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ, ಬೇರೆ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದರು ಎಂದು ನಗುತ್ತ ಹೇಳಿದಳು.

ಹೊನ್ನಾಳಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಎಲ್ಸಿ ಕಣ್ಣಲ್ಲಿ ನೀರು ಸುರಿಸುತ್ತಲೇ ಎರಡು ಬಜ್ಜಿ ಮುಗಿಸಿದಳು. ತುಂಗಭದ್ರೆ ಸೊರಗಿ ಬಂಡೆಗಳ ನಡುವೆ ಹರಿಯುತ್ತಿತ್ತು. ಸೇತುವೆ ದಾಟಿ ನ್ಯಾಮತಿ ತಲುಪಿದಾಗ ಬಿಸಿಲು ಏರಿತ್ತು.

ಅವಳು ಹೇಳದೆ ಬಿಟ್ಟದ್ದನ್ನು ಮದುವೆ ಮನೆಯಲ್ಲಿ ಮೆಹಂದಿ ಒಣಗಿಸಿಕೊಳ್ಳುತ್ತ ಕೂತಿದ್ದ ಶ್ವೇತಾ ಹೇಳಿದಳು. ಕಾರ್ಟ್‌ನಿಂದ ಎಲ್ಸಿ ಒಬ್ಬರೇ ಕೂರುವ ರೇಸ್ ಕಾರಿಗೆ ಏರಿದಳು, ಗೆದ್ದಳು, ಆಮೇಲೆ ಪ್ರಾಯೋಜಕರು ಕೈಬಿಟ್ಟರು. ಒಂದು ವರ್ಷ ಊರಲ್ಲಿ ಮೇವಿನ ಲಾರಿ ಓಡಿಸಿದಳು. ಅಲ್ಲಿಂದ ಇವರ ತಂಡ ಅವಳನ್ನು ಎಂಡ್ಯೂರೆನ್ಸ್ ರೇಸಿಗೆ ಕರೆಯಿತು. ಒಂದೇ ಕಾರು, ಮೂವರು ಚಾಲಕರು, ಹಗಲು ರಾತ್ರಿ ನಿಲ್ಲದ ಓಟ. ಕಳೆದ ಸಲ ಜೊತೆಯವನಿಗೆ ಜ್ವರ ಬಂದಾಗ ಅವನ ಸರದಿಯನ್ನೂ ಇವಳೇ ಓಡಿಸಿದಳಂತೆ, ಮಳೆಯಲ್ಲಿ. "ದೊಡ್ಡಮ್ಮ, ಅವಳು ಇಳಿದ ಮೇಲೆ ನಾನು ಟೈರು ನೋಡಿದೆ. ನಾಲ್ಕೂ ಒಂದೇ ಸಮ ಸವೆದಿದ್ವು, ಅಷ್ಟು ಹದವಾಗಿ ಓಡ್ಸಿದ್ಲು. ನಂಗೆ ಅಳುನೇ ಬಂತು" ಎಂದಳು. ಟೈರು ನೋಡಿ ಅಳುವವರಿದ್ದಾರೆಂದು ನನಗೆ ಅವತ್ತು ತಿಳಿಯಿತು.

ಮದುವೆಯ ಮರುದಿನ ಹರಿಹರ, ದಾವಣಗೆರೆ ಹಾದು ಜಗಳೂರಿನ ಕಡೆಗೆ ಹೋದೆವು. ನಮ್ಮ ಕಡೆ ಕುರಿ ಎಲ್ಲಿ ಹೆಚ್ಚು ಎಂದು ಎಲ್ಸಿ ಕೇಳಿದ್ದಳು, ಅಪ್ಪನಿಗೆ ಫೋಟೊ ಕಳಿಸಬೇಕಿತ್ತು. ದಾವಣಗೆರೆ ದಾಟಿದ ಮೇಲೆ ತೋಟಗಳ ಹಸಿರು ಮುಗಿದು ಕೊಯ್ದ ಮೆಕ್ಕೆಜೋಳದ ಕೂಳೆ ಶುರುವಾಯಿತು. ಸೊಕ್ಕೆಯ ಹತ್ತಿರ ಒಂದು ಹಿಂಡು ಸಿಕ್ಕಿತು. ಕುರಿಗಾಹಿಯ ಒಪ್ಪಿಗೆ ಪಡೆದು ಎಲ್ಸಿ ಒಂದು ಕುರಿಯನ್ನು ಮೊಣಕಾಲಲ್ಲಿ ಒತ್ತಿಹಿಡಿದು, ತುಟಿ ಎತ್ತಿ ಹಲ್ಲು ನೋಡಿ, ನಾಲ್ಕು ಬೆರಳು ತೋರಿಸಿದಳು. ನಾಲ್ಕು ಹಲ್ಲಿನದು, ಅಂದರೆ ಸುಮಾರು ಎರಡು ವರ್ಷದ ಕುರಿ. "ಈಯಮ್ಮ ಕುರಿ ಮಂದಿನೇ ಬಿಡ್ರಿ" ಎಂದು ಅವನು ತಲೆದೂಗಿದ.

ಹಿಂತಿರುಗಿ ನೋಡಿದರೆ ಹನುಮಂತಪ್ಪ ಬೇವಿನ ಮರದ ಬುಡದಲ್ಲಿ ಕುಸಿದು ಕೂತಿದ್ದ. ಅಂಗಿ ಪೂರ್ತಿ ಬೆವರು.

"ಎದೆ ಯಾಕೋ ಹಿಂಡ್ದಂಗೆ ಆಗ್ತೈತೆ ಮೇಡಂ."

ನಾನು ಅನುವಾದಿಸುವ ಮೊದಲೇ ಎಲ್ಸಿ ಅವನ ಅಂಗಿಯ ಗುಂಡಿ ಬಿಚ್ಚುತ್ತಿದ್ದಳು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅದು ಬೇರೊಂದು ಹಳ್ಳಿಗೆ ಹೋಗಿತ್ತು. ಕುರಿಗಾಹಿಯೂ ನಾವೂ ಸೇರಿ ಹನುಮಂತಪ್ಪನನ್ನು ಹಿಂದಿನ ಸೀಟಿನಲ್ಲಿ ಒರಗಿಸಿದೆವು. ಎಲ್ಸಿ ಚಾಲಕನ ಸೀಟಿಗೆ ಬಂದಳು. ನಾನು ಅವಳ ಪಕ್ಕ ಕೂತೆ. ಅವಳು ಸೀಟು ಮುಂದಕ್ಕೆ ಎಳೆದು, ಮೂರೂ ಕನ್ನಡಿ ಸರಿಮಾಡಿ, ಬ್ರೇಕ್ ಒಮ್ಮೆ ಒತ್ತಿ ನೋಡಿ, ಆಮೇಲೆ ಹೊರಟಳು. ತಿರುವುಗಳನ್ನು ತುಸು ಮೊದಲೇ ಹೇಳಬೇಕು, ಅಷ್ಟು ಸಾಕು ಎಂದಳು.

ಜಗಳೂರಿನ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಮಾತ್ರೆ ಕೊಟ್ಟು, ಈಗಲೇ ದಾವಣಗೆರೆಗೆ ಒಯ್ಯಿರಿ, ಆಂಬುಲೆನ್ಸಿಗೆ ಕಾಯಬೇಡಿ ಎಂದರು. ಒಬ್ಬ ನರ್ಸ್ ಅವನ ಪಕ್ಕ ಹತ್ತಿ ಕೂತರು.

ಆ ದಾರಿಯನ್ನು ನಾನು ಹೇಗೆ ಹೇಳಲಿ? ಮೆಕ್ಕೆಜೋಳದ ಲಾರಿಗಳು, ಟ್ರ್ಯಾಕ್ಟರುಗಳು, ರಸ್ತೆಗೆ ನುಗ್ಗುವ ಮೇಕೆಗಳು, ಬಣ್ಣ ಮಾಸಿದ ಹಂಪುಗಳು ಎಲ್ಲ ಇದ್ದವು. ಆದರೆ ಹಂಪು ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಕಾರು ಆಗಲೇ ನಿಧಾನವಾಗಿರುತ್ತಿತ್ತು. ಎದುರಿನ ಬಸ್ಸು ಯಾವಾಗ ಪಕ್ಕಕ್ಕೆ ಸರಿಯುತ್ತದೆಂದು ಆ ಬಸ್ಸಿನವನಿಗಿಂತ ಮೊದಲು ಇವಳಿಗೆ ತಿಳಿದಂತಿತ್ತು. ಒಂದು ಸಲ ವೇಗ ತೋರಿಸುವ ಮುಳ್ಳು ನೋಡಿದೆ, ಗಾಬರಿಯಾಗಿ ಮತ್ತೆ ನೋಡಲಿಲ್ಲ. ಅಷ್ಟು ವೇಗದಲ್ಲೂ ಹಿಂದೆ ನರ್ಸ್ ಹನುಮಂತಪ್ಪನ ನಾಡಿ ಹಿಡಿದು ಎಣಿಸುತ್ತಿದ್ದರು, ಕೈ ಜಾರಲಿಲ್ಲ. ಎಲ್ಸಿಯ ಮುಖದಲ್ಲಿ ಆತುರದ ಸುಳಿವೇ ಇರಲಿಲ್ಲ. ತೋಟದ ಬಾವಿಯನ್ನು ಬಗ್ಗಿ ನೋಡಿದ ಹಾಗೆ ನನಗೆ ಭಯವೂ ಬೆರಗೂ ಒಟ್ಟಿಗೆ ಆಯಿತು.

ದಾವಣಗೆರೆಯಲ್ಲಿ ಹನುಮಂತಪ್ಪನನ್ನು ಸ್ಟ್ರೆಚರಿನಲ್ಲಿ ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿದ ಮೇಲೆ ಎಲ್ಸಿ ಬೆಂಚಿನ ಮೇಲೆ ಕೂತಳು. ಆಗ ಅವಳ ಎರಡೂ ಕೈ ನಡುಗತೊಡಗಿದವು. ಅದು ಯಾವಾಗಲೂ ಹೀಗೇ, ಓಡಿಸುವಾಗ ಭಯ ಬರುವುದಿಲ್ಲ, ಇಳಿದ ಮೇಲೆ ಬರುತ್ತದೆ ಎಂದಳು. ಕಾರ್ಟ್ ದಿನಗಳಲ್ಲಿ ನಡುಕ ನಿಲ್ಲುವವರೆಗೂ ಅಪ್ಪ ಕೈ ಹಿಡಿದಿರುತ್ತಿದ್ದನಂತೆ. ನಾನು ಹಿಡಿದುಕೊಂಡೆ. ಐಸಿನಂತೆ ತಣ್ಣಗಿದ್ದವು.

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ತಡವಾಗಿದ್ದರೆ ಕಷ್ಟವಿತ್ತೆಂದು ಡಾಕ್ಟರು ಹೇಳಿದಾಗ ಸುದ್ದಿ ತಿಳಿದು ಓಡಿಬಂದಿದ್ದ ಹನುಮಂತಪ್ಪನ ಹೆಂಡತಿ ಗಂಗಮ್ಮ ಎಲ್ಸಿಯ ಗಲ್ಲ ಹಿಡಿದು ಬಹಳ ಹೊತ್ತು ನಿಂತಿದ್ದರು.

ತನ್ನ ಊರಿಗೆ ಹೊರಡುವ ದಿನ ಎಲ್ಸಿ ಹನುಮಂತಪ್ಪನನ್ನು ನೋಡಲು ಆಸ್ಪತ್ರೆಗೆ ಬಂದಳು. ಅವನು ದಿಂಬಿಗೆ ಒರಗಿ ಕೂತಿದ್ದ.

"ನಂಗೆ ಎಚ್ಚರ ಇತ್ತು ಮೇಡಂ. ಮುಗೀತು ಅನ್ಕಂಡಿದ್ದೆ. ಆದ್ರೆ ಗಾಡಿ ಹೋಗ್ತಿದ್ದ ರೀತಿ ನೋಡಿ ಧೈರ್ಯ ಬಂತು. ಇದನ್ನ ಅವರಿಗೆ ಹೇಳ್ರಿ."

ಹೇಳಿದೆ. ಎಲ್ಸಿ ಕಿಟಕಿಯ ಕಡೆ ತಿರುಗಿ ನಿಂತಳು. ಆಮೇಲೆ, ಅವನು ಕನ್ನಡದಲ್ಲಿ ಏನೆಂದ, ಅದೇ ಮಾತು ಬೇಕು ಎಂದಳು. ಇಡೀ ವಾಕ್ಯ ಅವಳ ಬಾಯಿಗೆ ಹಿಡಿಯಲಿಲ್ಲ. ಕೊನೆಯ ಎರಡು ಪದ ಕಲಿತಳು. ಆಟೋದಲ್ಲಿ, ರೈಲ್ವೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಮತ್ತೆ ಮತ್ತೆ ಹೇಳಿಕೊಂಡಳು. "ಧೈ" ಪ್ರತಿ ಸಲ "ದೈ" ಆಗುತ್ತಿತ್ತು, ನಾನು ತಿದ್ದುತ್ತಿದ್ದೆ.

ಬೆಂಗಳೂರಿನ ರೈಲು ನಿಧಾನವಾಗಿ ಚಲಿಸಿತು. ಬಾಗಿಲಲ್ಲಿ ನಿಂತ ಎಲ್ಸಿ ಏನೋ ಹೇಳಿದಳು. ಗಾಲಿಗಳ ಸದ್ದಿನಲ್ಲಿ ಕೇಳಿಸಲಿಲ್ಲ, ತುಟಿ ಓದಿದೆ. ಧೈರ್ಯ ಬಂತು. ಈ ಸಲ ಸರಿಯಾಗಿಯೇ ಹೇಳಿದಳೆಂದು ನನಗನ್ನಿಸಿತು.