ಟೇಪಕ್ಕನ ನಂಬರು

ನನ್ನ ಅಕ್ಕನನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಟೇಪಕ್ಕ ಅಂತಾರೆ. ಅಳತೆ ಟೇಪು ಅವಳ ಕೊರಳಿಂದ ಇಳಿಯುವುದು ಸ್ನಾನಕ್ಕೆ ಹೋದಾಗ ಮಾತ್ರ. ಅವಳು ಮಷೀನು ತುಳಿಯುತ್ತಾಳೆ. ನಾನು ಪಕ್ಕದಲ್ಲಿ ಕೂತು ಕಾಜಾ ಹಾಕುತ್ತೇನೆ, ಗುಂಡಿ ಹೊಲಿಯುತ್ತೇನೆ, ಇಸ್ತ್ರಿ ಮಾಡುತ್ತೇನೆ, ಬಾಯಿ ಮಾಡುತ್ತೇನೆ. ಅವಳಿಗೆ ಸಿಟ್ಟೇ ಬರುವುದಿಲ್ಲ. ಅವಳ ಪಾಲಿನದ್ದನ್ನೂ ದೇವರು ನನಗೇ ಕೊಟ್ಟುಬಿಟ್ಟಿದ್ದಾನೆ. ಅದಕ್ಕೇ ಅವಳ ಕಥೆ ನಾನು ಹೇಳಬೇಕು, ಅವಳಿಗೆ ಬಿಟ್ಟರೆ ‘ಹೋಗ್ಲಿ ಬಿಡೇ’ ಅಂತ ಮುಗಿಸಿಬಿಡುತ್ತಾಳೆ.

ಫೋನುಗಳು ಹೇಗೆ ಹೇಗೆ ಬದಲಾದವು ಅಂತ ಯಾರಾದರೂ ತಿಳಿಯಬೇಕಿದ್ದರೆ ನಮ್ಮಂಥ ಟೈಲರುಗಳನ್ನು ಕೇಳಬೇಕು. ಅವನ್ನು ಇಡುವ ಜೇಬು ಹೊಲಿದವರು ನಾವು. ಮೊದಲು ಬಂದದ್ದು ಇಟ್ಟಿಗೆಯಂಥ ಫೋನು, ತಲೆ ಮೇಲೊಂದು ಕಡ್ಡಿ ಬೇರೆ. ಯಾವ ಜೇಬಿಗೂ ಹಿಡಿಸದೆ, ಗಂಡಸರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರಿಗೂ ಕಾಣುವ ಹಾಗೆ ಮೆರೆಯುತ್ತಿದ್ದರು. ಆಮೇಲೆ ಸಣ್ಣದಾಗುತ್ತ ಬಂತು. ಬಗ್ಗಿದರೆ ಬೀಳುತ್ತೆ, ಅಂಗಿ ಜೇಬಿನೊಳಗೆ ಇನ್ನೊಂದು ಪುಟ್ಟ ಜೇಬು ಹಾಕಿಕೊಡಿ ಅಂತ ಬಂದರು. ಅದೂ ಆಯಿತು. ಕೊನೆಗೆ ಗಾಜಿನ ಫೋನು ಬಂತು ನೋಡಿ, ವರ್ಷ ವರ್ಷಕ್ಕೂ ಉದ್ದ. ಹಳೇ ಪ್ಯಾಂಟುಗಳ ಜೇಬು ಬಿಚ್ಚಿ ಆಳ ಮಾಡಿ ಮಾಡಿ ಅಕ್ಕನಿಗೆ ಕನ್ನಡಕ ಬಂತು. ಇಷ್ಟು ಜನರಿಗೆ ಜೇಬು ಹೊಲಿದವಳ ಸ್ಕರ್ಟಿಗೆ ಒಂದು ಜೇಬಿರಲಿಲ್ಲ. ಅವಳ ಫೋನು ಉಳಿದ ಬಟ್ಟೆಯಲ್ಲಿ ಹೊಲಿದ ಚೀಲದಲ್ಲಿ ಕೊರಳಿಗೆ ನೇತಾಡುತ್ತಿತ್ತು.

ಅದಾದರೂ ಎಂಥ ಫೋನು? ಮನೆಯವರು ಬಳಸಿ ಬಿಸಾಕಿದ್ದು. ಗೋದಾಮಿನಲ್ಲಿ ಕೆಲಸ ಮಾಡುವ ಭಾವ ಸಣ್ಣ ಫೋನು ಕೊಂಡ ದಿನ ಆ ಇಟ್ಟಿಗೆಯನ್ನು ಅಕ್ಕನ ಮಷೀನಿನ ಮೇಲಿಟ್ಟರು. ಕಡ್ಡಿ ಮುರಿದಿತ್ತು, ಬ್ಯಾಟರಿ ಮಧ್ಯಾಹ್ನಕ್ಕೇ ಕೈ ಕೊಡುತ್ತಿತ್ತು. “ಇನ್ನೂ ಚೆನ್ನಾಗಿ ಓಡುತ್ತೆ, ನಿನಗೆ ಇಷ್ಟು ಸಾಕು” ಅಂದರು. ಸ್ವಲ್ಪ ವರ್ಷಕ್ಕೆ ಆ ಸಣ್ಣದೂ ಅವಳಿಗೇ ಬಂತು. ಅದರ ಐದರ ಗುಂಡಿ ಒಳಕ್ಕೆ ಕುಸಿದಿತ್ತು, ಅಕ್ಕ ಕತ್ತರಿಯ ಮೂತಿಯಿಂದ ಒತ್ತುತ್ತಿದ್ದಳು. ಅಷ್ಟರಲ್ಲಿ ಅವಳ ಮಗ ದೊಡ್ಡವನಾಗಿ, ಕೊಡುವ ಸರದಿ ಅವನದಾಯಿತು. ಮೊದಲು ಒಂದು ಮಡಿಚುವ ಫೋನು ಕೊಟ್ಟ, ಕೀಲು ಸಡಿಲವಾಗಿದ್ದದ್ದು. ಅಕ್ಕ ಎಲಾಸ್ಟಿಕ್ ಸುತ್ತಿ ಬಳಸಿದಳು. ಆಮೇಲೆ ಮೂಲೆ ಒಡೆದ ಗಾಜಿನದು. ಸೂಜಿ ಚುಚ್ಚಿ ಚುಚ್ಚಿ ಅವಳ ಬೆರಳ ತುದಿ ಜಡ್ಡುಗಟ್ಟಿದೆ, ಆ ಫೋನಿಗೆ ಅವಳ ಬೆರಳೇ ಗೊತ್ತಾಗುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ ತಟ್ಟುತ್ತಿದ್ದಳು, ಅಪ್ಪ ಮಗ ನಗುತ್ತಿದ್ದರು. ಪ್ರತಿ ಸಲವೂ ಅದೇ ಮಾತು, ಇನ್ನೂ ಚೆನ್ನಾಗಿ ಓಡುತ್ತೆ, ನಿನಗೆ ಇಷ್ಟು ಸಾಕು. ಸಾಕು ಬೇಕು ಹೇಳೋಕೆ ಇವರ್ಯಾರು ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ದುಡಿಯದೆ ಕೂತು ತಿನ್ನುವವಳೇನು ಅವಳು?

ಅವಳದ್ದು ಅಂತ ಇದ್ದದ್ದು ಒಂದೇ, ಅವಳ ನಂಬರು. ಆ ಇಟ್ಟಿಗೆ ಬಂದಾಗ ಭಾವ ತಮ್ಮ ಸಿಮ್ ತೆಗೆದುಕೊಂಡು ಖಾಲಿ ಡಬ್ಬ ಕೊಟ್ಟಿದ್ದರಲ್ಲ, ಅಕ್ಕ ತಾನೇ ಹೋಗಿ ನಂಬರು ಆರಿಸಿದಳು. ಕೊನೆಯ ನಾಲ್ಕೂ ಅಂಕಿ ಒಂದೇ, ಒಮ್ಮೆ ಕೇಳಿದರೆ ಮರೆಯುವ ಹಾಗಿಲ್ಲ. ಆಗ ಅವಳ ಹೆಸರಲ್ಲಿ ಒಂದು ದಾಖಲೆಯೂ ಇರಲಿಲ್ಲ ಅಂತ ಅಂಗಡಿಯವನು ಗಂಡನ ಹೆಸರಲ್ಲಿ ಬರೆದುಕೊಂಡ. ಇರಲಿ ಅಂದುಕೊಂಡಳು. ಅಂಗಡಿಯ ಬೋರ್ಡಿನ ಮೇಲೆ ಬರೆಸಿದಳು. ಅಷ್ಟೇ ಅಲ್ಲ, ಹೊಲಿದ ಪ್ರತಿ ಬಟ್ಟೆಯ ಕಾಲರಿನ ಒಳಗೆ ಒಂದು ಬಿಳಿ ಪಟ್ಟಿ ಇಟ್ಟು ಅದರ ಮೇಲೆ ನೀಲಿ ದಾರದಲ್ಲಿ ನಂಬರು ಹೊಲಿಯುತ್ತಿದ್ದಳು. ನಮ್ಮ ಕಡೆಯ ಅರ್ಧ ಸ್ಕೂಲು ಮಕ್ಕಳ ಕತ್ತಿನ ಹಿಂದೆ ನನ್ನ ಅಕ್ಕನ ನಂಬರಿದೆ. ಈ ಮಗರಾಯನೇ ಚಿಕ್ಕವನಿದ್ದಾಗ ಬಸ್ ನಿಲ್ದಾಣದ ಗದ್ದಲದಲ್ಲಿ ತಪ್ಪಿಸಿಕೊಂಡಿದ್ದ. ಯಾರೋ ಪುಣ್ಯಾತ್ಮರು ಅವನ ಕಾಲರ್ ಮಗುಚಿ ನೋಡಿ ಫೋನು ಮಾಡಿದ್ದಕ್ಕೆ ಸಿಕ್ಕ.

ಅವನು ಈಗ ಮನೆ ಮಾರಿಸುವ ದಲ್ಲಾಳಿ. ಗಾಜಿನ ಬಾಗಿಲಿನ ಆಫೀಸು ಮಾಡಿದ, ತಿಂಗಳೊಪ್ಪತ್ತಿನಲ್ಲಿ ಅಂಗೈಗಿಂತ ದೊಡ್ಡ ಹೊಸ ಫೋನು ಕೊಂಡ.

ಅದೇ ವಾರ ಅಕ್ಕನ ಫೋನು ಮಾತು ನಿಲ್ಲಿಸಿತು. ಅವಳಿಗೆ ಒಂಚೂರೂ ಅನುಮಾನ ಬರಲಿಲ್ಲ. ಹುಟ್ಟಿದಾಗಿನಿಂದ ಕೆಟ್ಟ ಫೋನನ್ನೇ ಕಂಡವಳಲ್ಲವೇ, ಇದೂ ಕೆಟ್ಟಿತು ಅಂದುಕೊಂಡಳು. ಬ್ಯಾಟರಿ ತೆಗೆದು ಒರೆಸಿದಳು, ಇಸ್ತ್ರಿಪೆಟ್ಟಿಗೆಯ ಪಕ್ಕ ಬೆಚ್ಚಗಿಟ್ಟಳು, ಕೊನೆಗೆ ರಿಪೇರಿಯವನ ಹತ್ತಿರ ಹೋದಳು. ಅವನು ನೋಡಿ, ಫೋನಿಗೇನೂ ಆಗಿಲ್ಲ, ನಿಮ್ಮ ನಂಬರು ಬೇರೆ ಯಾರ ಹತ್ತಿರವೋ ಓಡುತ್ತಿದೆ ಅಂದ. ಅಂಗಡಿಗೆ ಬಂದು ನನ್ನ ಫೋನಿನಿಂದ ತನ್ನ ನಂಬರಿಗೆ ತಾನೇ ಮಾಡಿದಳು. ಎರಡೇ ರಿಂಗಿಗೆ ಎತ್ತಿದರು. “ನಮಸ್ಕಾರ, ಮನೆ ನೋಡ್ತಿದ್ದೀರಾ?” ಮಗನ ದನಿ. ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟಳು. ಅವಳ ಮುಖ ನೋಡಲಾಗಲಿಲ್ಲ ನನಗೆ.

ಆ ಸಂಜೆ ಅವರ ಮನೆಗೆ ಹೋಗಿ ರಂಪ ಮಾಡಿದೆ. ಭಾವ ಟಿವಿಯಿಂದ ಕಣ್ಣು ತೆಗೆಯದೆ, ನನ್ನ ಹೆಸರಲ್ಲಿತ್ತು, ನನ್ನ ಮಗನ ಹೆಸರಿಗೆ ಮಾಡಿಕೊಟ್ಟೆ, ಸಹಿ ಹಾಕಿದ್ದು ನಾನು ತಾನೇ ಅಂದರು. ಅವರ ಸಹಿಗಿಷ್ಟು ಬೆಂಕಿ ಬೀಳ. ಮಗ ಅಮ್ಮನ ಪಕ್ಕ ಕೂತು ಅವಳಿಗೆ ಬುದ್ಧಿ ಹೇಳಿದ. ಅಂಥ ನಂಬರು ಈಗ ಎಷ್ಟು ಹುಡುಕಿದರೂ ಸಿಗಲ್ಲವಂತೆ, ಗುಂಡಿ ಹೊಲಿಯೋ ಅಂಗಡಿಗೆ ಅದು ದಂಡವಂತೆ, ಬಂದ ಫೋನುಗಳನ್ನೆಲ್ಲ ತಾನೇ ತಿಳಿಸುತ್ತಾನಂತೆ. ಬದಲಿಗೆ ಬಾಯಿಗೆ ಬಾರದ ನಂಬರಿನ ಸಿಮ್ ಒಂದು ತಂದಿದ್ದ. ಅಕ್ಕ ಅದನ್ನು ತಂದು ಅಂಗಡಿಯ ಗುಂಡಿ ಡಬ್ಬಿಗೆ ಹಾಕಿದಳು, ಫೋನಿಗೆ ಹಾಕಲಿಲ್ಲ. ಬೋರ್ಡಿನ ನಂಬರು ಅಳಿಸಲೂ ಇಲ್ಲ. ನಾನು ಎಷ್ಟು ಕೂಗಾಡಿದರೂ ಹೋಗ್ಲಿ ಬಿಡೇ ಅಂದಳು. ನನಗೆ ಅವಳ ಮೇಲೇ ಸಿಟ್ಟು ನೆತ್ತಿಗೇರಿತು. ಎರಡು ದಿನ ಮಾತು ಬಿಟ್ಟೆ.

ಮಗರಾಯ ಒಂದು ಫೋನನ್ನೂ ತಿಳಿಸಲಿಲ್ಲ. ಗಿರಾಕಿಗಳು ಬಂದು, ಯಾರೋ ಗಂಡಸು ಎತ್ತಿ ಬೈದ ಅಂತ ಹೇಳಿ ಹೋಗುತ್ತಿದ್ದರು. ಅಕ್ಕ ತಲೆ ಬಗ್ಗಿಸಿ ಹೊಲಿಯುತ್ತಿದ್ದಳು.

ಸ್ಕೂಲು ಶುರುವಾಗುವ ಮುಂಚೆ ಪ್ರತಿ ವರ್ಷ ಹೆಡ್‌ಮೇಡಂ ಫೋನು ಮಾಡಿ ಯೂನಿಫಾರಂ ಹೊಲಿಯಲು ಹೇಳುತ್ತಿದ್ದರು. ವರ್ಷದ ಕೆಲಸ ಅಂದರೆ ನಮಗೆ ಅದೇ. ಈ ವರ್ಷ ದಾರದ ಉಂಡೆಗಳನ್ನು ತರಿಸಿಟ್ಟು ಕಾದೆವು. ಒಂದು ಬೆಳಿಗ್ಗೆ ಅವರೇ ಅಂಗಡಿ ಮುಂದೆ ಹೋಗುತ್ತಿದ್ದವರು ನಿಂತು, ಅಯ್ಯೋ, ನೀವಿನ್ನೂ ಇದ್ದೀರಾ ಅಂದರು. ಅವರು ಫೋನು ಮಾಡಿದಾಗ ಎತ್ತಿದ ಗಂಡಸು ‘ಆ ಟೈಲರ್ ಅಂಗಡಿ ಮುಚ್ಚಿ ಆಯ್ತು’ ಅಂದನಂತೆ. ಪಾಪ, ಅವರು ಬೇರೆಯವರಿಗೆ ಬಟ್ಟೆ ಕೊಟ್ಟು ಆಗಿತ್ತು.

ಅಕ್ಕ ಮಷೀನು ನಿಲ್ಲಿಸಿದಳು. ಟೇಪು ತೆಗೆದು ಮಷೀನಿನ ಮೇಲಿಟ್ಟಳು. ಚಪ್ಪಲಿ ಮೆಟ್ಟಿ ಹೊರಟಳು. ಅಂಗಡಿ ಬಾಗಿಲೂ ಹಾಕದೆ ನಾನು ಹಿಂದೆ ಓಡಿದೆ.

ಮಗನ ಆಫೀಸಿನಲ್ಲಿ ಮನೆ ಕೊಳ್ಳಲು ಬಂದ ಗಂಡ ಹೆಂಡತಿ ಕೂತಿದ್ದರು. ಅಕ್ಕ ನೆಟ್ಟಗೆ ಮೇಜಿನ ಹತ್ತಿರ ಹೋಗಿ ಕೈ ಚಾಚಿ ಫೋನು ಕೇಳಿದಳು. ಯಾರಿಗೋ ಫೋನು ಮಾಡಬೇಕೇನೋ ಅಂದುಕೊಂಡು ಅವನು ಅದರ ಲಾಕ್ ತೆಗೆದು ಕೊಟ್ಟ. ಅವಳು ಅದನ್ನು ಎಡಗೈಲಿ ಹಿಡಿದುಕೊಂಡು, ಕೊರಳ ಚೀಲದಿಂದ ಮೂಲೆ ಒಡೆದ ಆ ಹಳೇ ಫೋನು ತೆಗೆದು ಅವನ ಮುಂದಿಟ್ಟಳು.

“ಇನ್ನೂ ಚೆನ್ನಾಗಿ ಓಡುತ್ತೆ,” ಅಂದಳು. “ನಿನಗೆ ಇಷ್ಟು ಸಾಕು.”

ಅವನು ಬಂದವರ ಕಡೆ ನೋಡಿ ಪೆಚ್ಚಾಗಿ ನಕ್ಕ. ದನಿ ತಗ್ಗಿಸಿ, “ಅಮ್ಮಾ, ಇದ್ರಲ್ಲಿ ನಂಬರೇ ಇಲ್ಲ” ಅಂದ.

“ಹೋಗಿ ಒಂದು ತಗೋ. ನಾನೂ ಹಾಗೇ ತಗೊಂಡಿದ್ದು.” ಬಾಗಿಲ ಹತ್ತಿರ ಹೋದವಳು ತಿರುಗಿ, “ನಾಳೆ ನಿಮ್ಮಪ್ಪನ್ನೂ ಕರ್ಕೊಂಡು ಬಾ. ಇದನ್ನ ನನ್ನ ಹೆಸರಿಗೆ ಬರೆಸೋದಿದೆ” ಅಂದಳು.

ಮರುದಿನ ಅಪ್ಪ ಮಗ ಇಬ್ಬರೂ ಬಂದರು, ನಂಬರು ಅವಳ ಹೆಸರಿಗೆ ಬರೆಸಿಕೊಟ್ಟರು. ಯೂನಿಫಾರಂ ಕೆಲಸ ಮಾತ್ರ ಆ ವರ್ಷ ವಾಪಸ್ಸು ಬರಲಿಲ್ಲ. ಅದಕ್ಕೆ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಆ ದೊಡ್ಡ ಫೋನು ಅಕ್ಕನ ಕೊರಳ ಚೀಲಕ್ಕೆ ಹಿಡಿಸಲಿಲ್ಲ. ಅವಳು ಗಿರಾಕಿಗಳ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಫೋನಿಗೆ ಟೇಪು ಹಿಡಿದು ಅಳತೆ ತೆಗೆದು, ತನ್ನ ಸ್ಕರ್ಟಿಗೆ ಒಂದು ಜೇಬು ಹೊಲಿದುಕೊಂಡಳು.