ಹಳೆಯ ಬೀಜಿಂಗ್‌ನಲ್ಲಿ ಒಂದು ಕೋಣೆ

ಬೀಜಿಂಗ್‌ನ ಹಳೆಯ ಓಣಿಗಳ ಬಗ್ಗೆ ಇಂಟರ್‌ನೆಟ್ಟಿನ ಸಲಹೆ ಓದಿ ಓದಿ ನನ್ನ ತಲೆ ಕೆಟ್ಟಿತ್ತು. ಅಲ್ಲಿಗೆ ಹೊರಟ ದಿನ ನಾನೂ ಹೆಂಡತಿಯೂ ವಿಮಾನ ನಿಲ್ದಾಣಕ್ಕೆಂದು ನಾವಿರುವ ಡಿಡ್ಸ್‌ಬರಿಯಲ್ಲಿ ಟ್ರಾಮ್ ಹತ್ತಿದರೆ, ನಮ್ಮ ಆಸ್ಪತ್ರೆ ವಾರ್ಡಿನ ನರ್ಸ್ ಲಿನ್ ಕೂತಿದ್ದರು. ಬೀಜಿಂಗ್ ಅವರ ಊರು.

"ದೊಡ್ಡ ಬೀದಿಯಲ್ಲಿ ಬರೀ ಅಂಗಡಿ. ಬೆಳಗ್ಗೆ ಬೇಗ ಹಿಂದಿನ ಓಣಿಗಳಿಗೆ ಹೋಗಿ, ಮುದುಕರು ಹಕ್ಕಿ ಪಂಜರ ಹಿಡ್ಕೊಂಡು ಬರ್ತಾರೆ," ಎಂದರು.

"ಉಳಿಯೋಕೆ ಎಲ್ಲಿ ಚೆನ್ನಾಗಿರತ್ತೆ ಕೇಳ್ರೀ," ಎಂದು ಹೆಂಡತಿ ಕನ್ನಡದಲ್ಲಿ ತಿವಿದಳು. ಕೇಳಿದೆ.

ಲಿನ್ ಫೋನಿನಲ್ಲಿ ಅಂಗಳದ ಮನೆಯೊಂದನ್ನು ತೋರಿಸಿದರು. ಈಗದು ಹೋಟೆಲು.

"ಅಂಗಳದಾಚೆಯ ಕೋಣೆ ಕೇಳಿ. ಚಳಿಗಾಲದಲ್ಲೂ ಹಾಸಿಗೆ ತನಕ ಬಿಸಿಲು ಬರುತ್ತೆ."

"ಅಲ್ಲಿ ಉಳಿದಿದ್ದೀರಾ?"

"ಊರಿಗೆ ಹೋದಾಗಲೆಲ್ಲ. ನಮ್ಮಮ್ಮ ಮಲಗ್ತಿದ್ದ ಕೋಣೆ ಅದು. ಹೋಟೆಲಿನವರಿಗೆ ಹೇಳಿಲ್ಲ. ಪ್ರತಿ ಸಲವೂ ಅವರು ನನಗೆ ಮನೆಯೆಲ್ಲ ಸುತ್ತಿಸಿ ತೋರಿಸ್ತಾರೆ."